ಭಾರ ಎಷ್ಟು ಎಂಬುದು ಅರ್ಧ ಪ್ರಶ್ನೆ

"ಕಿಲೋ ಅಂದರೆ ಕಿಲೋ ಮೇಷ್ಟ್ರೇ. ರಾಡಿನ ಮೇಲೆ ಅದು ಎಲ್ಲಿ ಕೂತಿದ್ದರೇನು?"

ಈ ಮಾತನ್ನು ನಾನು ಮೂರು ಬಗೆಯ ಜನರ ಬಾಯಿಂದ ಕೇಳಿದ್ದೇನೆ. ಜಿಮ್ ನಡೆಸುವವರು ಹೇಳಿದ್ದಾರೆ, ದೈಹಿಕ ಶಿಕ್ಷಕರು ಹೇಳಿದ್ದಾರೆ. ಬರೆಯಲು ಸಂಕೋಚವಾಗುತ್ತದೆ, ಭೌತಶಾಸ್ತ್ರದಲ್ಲಿ ಪದವಿ ಪಡೆದು ಬಿ.ಎಡ್. ಮುಗಿಸಿ ವಿಜ್ಞಾನ ಬೋಧಿಸುವವರೂ ಹೇಳಿದ್ದಾರೆ. ಮೊದಲಿನವರನ್ನು ಕ್ಷಮಿಸಬಹುದು. ಮೂರನೆಯವರನ್ನು ಕ್ಷಮಿಸಲು ನನ್ನಿಂದ ಆಗುವುದಿಲ್ಲ. ಇಂದು ತಾಲ್ಲೂಕು ಕೇಂದ್ರಗಳಲ್ಲಿ ಕೂಡ ಬೇಕರಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಒಂದು ಜಿಮ್ ಇದೆ. ಹತ್ತನೆಯ ತರಗತಿ ಮುಗಿಸಿದ ಹುಡುಗರು ತಿಂಗಳ ಶುಲ್ಕ ಕಟ್ಟಿ ಅಲ್ಲಿಗೆ ಹೋಗುತ್ತಾರೆ. ಗೋಡೆಗೆ ಕನ್ನಡಿ, ಕಿವಿಗಡಚಿಕ್ಕುವ ಹಾಡು, ನೆಲದ ತುಂಬ ಕಬ್ಬಿಣ. ಆ ಕಬ್ಬಿಣ ಹೇಗೆ ವರ್ತಿಸುತ್ತದೆ ಎಂದು ಅವರಿಗೆ ಶಾಲೆಯೂ ಹೇಳಿಲ್ಲ, ಜಿಮ್ಮೂ ಹೇಳುವುದಿಲ್ಲ. ಹೀಗಾಗಿ ಈ ಬರಹ ಮೇಲಿನ ಮಾತಿನ ವಿರುದ್ಧ.

ಎದುರಾಳಿಗೆ ಸಲ್ಲಬೇಕಾದ ಪಾಲನ್ನು ಮೊದಲು ಕೊಟ್ಟುಬಿಡುತ್ತೇನೆ. ಪುರುಷರ ಸ್ಪರ್ಧೆಯಲ್ಲಿ ಬಳಸುವ ರಾಡಿನ ತೂಕ 20 ಕಿಲೋ, ಉದ್ದ 220 ಸೆಂಟಿಮೀಟರ್. ಮಹಿಳೆಯರದು 15 ಕಿಲೋ, 201 ಸೆಂಟಿಮೀಟರ್. ಪುರುಷರ ರಾಡಿನ ಎರಡೂ ಬದಿಗೆ 20 ಕಿಲೋದ ಒಂದೊಂದು ಪ್ಲೇಟು ಹಾಕಿದರೆ ಒಟ್ಟು 60. ನಡುವಿನಿಂದ ಸಮಾನ ದೂರದಲ್ಲಿ ಎರಡು ಕೈಯಿಟ್ಟು ನಿಧಾನವಾಗಿ, ನೆಟ್ಟಗೆ ಎತ್ತಿದರೆ ಒಂದೊಂದು ಕೈಗೆ 30 ಕಿಲೋ. ಈಗ ಎರಡೂ ಪ್ಲೇಟುಗಳನ್ನು ಅಷ್ಟಷ್ಟೇ ದೂರ ಹೊರಕ್ಕೆ ಸರಿಸಿ. ಒಟ್ಟು ಭಾರ ಬದಲಾಗದು, ಗುರುತ್ವ ಕೇಂದ್ರವೂ ಇದ್ದಲ್ಲೇ ಇರುತ್ತದೆ, ಕೈಗೆ ಬೀಳುವುದು ಅದೇ 30. ಇಷ್ಟು ನಿಜ. "ಕಿಲೋ ಅಂದರೆ ಕಿಲೋ" ಎನ್ನುವವರು ಇಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತಾರೆ. ಆದರೆ ರಾಡನ್ನು ಎತ್ತುವುದು ತಕ್ಕಡಿಯಲ್ಲ, ಮನುಷ್ಯ. ಅವನ ಎರಡು ಕೈಗಳ ಬಲ ಒಂದೇ ಅಲ್ಲ, ಕಾಲು ತುಸು ಜಾರುತ್ತದೆ, ಉಸಿರು ತಪ್ಪುತ್ತದೆ. ರಾಡು ಒಂದು ಕಡೆಗೆ ವಾಲಿದ ಕ್ಷಣದಿಂದ ಭಾರ ಎಲ್ಲಿದೆ ಎಂಬುದೇ ಮುಖ್ಯವಾಗುತ್ತದೆ.

ನಂಬಿಕೆ ಬರದವರು ಮನೆಯಲ್ಲೇ ಪರೀಕ್ಷಿಸಬಹುದು. ನಾಲ್ಕೈದು ಅಡಿ ಉದ್ದದ ಬಿದಿರು ಕೋಲಿನ ನಡುವಿಗೆ, ಕೈ ಹಿಡಿಯುವಷ್ಟೇ ಜಾಗ ಬಿಟ್ಟು ಅಕ್ಕಪಕ್ಕದಲ್ಲಿ ಒಂದೊಂದು ಇಟ್ಟಿಗೆಯನ್ನು ಬಿಗಿಯಾಗಿ ಕಟ್ಟಿ. ನಡುವೆ ಒಂದೇ ಕೈಯಲ್ಲಿ ಹಿಡಿದು ಮಣಿಕಟ್ಟನ್ನು ಆಚೆ ಈಚೆ ತಿರುಗಿಸಿ. ಆಮೇಲೆ ಅದೇ ಇಟ್ಟಿಗೆಗಳನ್ನು ಬಿಚ್ಚಿ ಕೋಲಿನ ಎರಡು ತುದಿಗೆ ಕಟ್ಟಿ ತಿರುಗಿಸಿ ನೋಡಿ. ತಕ್ಕಡಿಯ ಪ್ರಕಾರ ತೂಕ ಅದೇ. ಮಣಿಕಟ್ಟಿನ ಪ್ರಕಾರ ಅದು ಬೇರೆಯೇ ವಸ್ತು. ನಾನು 34 ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದೆ. ಈ ಕೋಲು ಹಿಡಿದ ಹುಡುಗನಾಗಲಿ ಹುಡುಗಿಯಾಗಲಿ ಅಚ್ಚರಿಯಿಂದ ಕಣ್ಣು ಅರಳಿಸದಿದ್ದುದನ್ನು ನಾನು ಕಂಡಿಲ್ಲ. ತಿರುಗುವಿಕೆಯನ್ನು ತಡೆಯುವ ಈ ಜಡತೆ ದೂರದ ಜೊತೆ ನೇರವಾಗಿ ಬೆಳೆಯುವುದಿಲ್ಲ, ದೂರದ ವರ್ಗದೊಡನೆ ಬೆಳೆಯುತ್ತದೆ. ನಡುವಿನಿಂದ 70 ಸೆಂಟಿಮೀಟರ್ ದೂರದಲ್ಲಿದ್ದ ಪ್ಲೇಟನ್ನು 95ಕ್ಕೆ ಸರಿಸಿದರೆ 70ರ ವರ್ಗ 4900, 95ರ ವರ್ಗ 9025. ಸರಿಸಿದ್ದು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಪ್ಲೇಟುಗಳ ಪಾಲಿನ ಜಡತೆ ಹೆಚ್ಚು ಕಡಿಮೆ ಎರಡು ಪಟ್ಟಿಗೆ ಹೋಯಿತು!

ಇದರಿಂದ ಎತ್ತುವುದು ಕಷ್ಟವಾಗುತ್ತದೆಯೋ ಸುಲಭವಾಗುತ್ತದೆಯೋ? ಎರಡೂ ಆಗುತ್ತದೆ. ದೊಂಬರಾಟದ ಹುಡುಗಿ ಹಗ್ಗದ ಮೇಲೆ ನಡೆಯುವಾಗ ಉದ್ದನೆಯ ಬಿದಿರನ್ನು ಅಡ್ಡಲಾಗಿ ಹಿಡಿಯುವುದು ಇದೇ ಕಾರಣಕ್ಕೆ. ದೂರ ಹರಡಿದ ಭಾರ ಸುಲಭವಾಗಿ ವಾಲುವುದಿಲ್ಲ, ಸರಿಪಡಿಸಿಕೊಳ್ಳಲು ಅವಳಿಗೆ ಸಮಯ ಕೊಡುತ್ತದೆ. ಆದರೆ ಒಮ್ಮೆ ವಾಲಲು ತೊಡಗಿತೆಂದರೆ ಅದನ್ನು ನಿಲ್ಲಿಸುವುದೂ ಅಷ್ಟೇ ಕಷ್ಟ. ಪಳಗಿದವನಿಗೆ ಗೆಳೆಯನಾಗುವ ಗುಣವೇ ಹೊಸಬನಿಗೆ ಹಗೆಯಾಗುತ್ತದೆ. ಸ್ಪರ್ಧೆಗಳಲ್ಲಿ ದೊಡ್ಡ ಪ್ಲೇಟುಗಳನ್ನು ಒಳಗೆ, ಸಣ್ಣವನ್ನು ಹೊರಗೆ ಹಾಕುವುದು ಕಟ್ಟುನಿಟ್ಟಾದ ಕ್ರಮ. ನಮ್ಮ ಜಿಮ್ಮುಗಳಲ್ಲಿ ಯಾವುದು ಕೈಗೆ ಸಿಕ್ಕಿತೋ ಅದು ಮೊದಲು.

ಇಷ್ಟಾದರೂ ಸಮತೋಲದ ಮಾತಾಯಿತು. ಭಾರ ಎರಡು ಕಡೆ ಸಮನಾಗಿಲ್ಲದಿದ್ದಾಗ ಏನಾಗುತ್ತದೆ ಎಂಬುದು ಇನ್ನೂ ಸ್ವಾರಸ್ಯ. ಎಡಕ್ಕೆ 20, ಬಲಕ್ಕೆ 25 ಕಿಲೋ ಹಾಕಿಬಿಟ್ಟಿದ್ದಾರೆ ಎನ್ನಿ. "ಐದು ಕಿಲೋ ತಾನೇ, ನಡೆಯುತ್ತದೆ" ಎನ್ನುವುದು ರೂಢಿ. ಲೆಕ್ಕ ಮಾಡೋಣ. ಒಟ್ಟು ಭಾರ 65. ಕೈಗಳು ನಡುವಿನಿಂದ 40 ಸೆಂಟಿಮೀಟರ್ ದೂರದಲ್ಲಿವೆ, ಪ್ಲೇಟುಗಳು 70ರಲ್ಲಿ. ಹೆಚ್ಚುವರಿ 5 ಕಿಲೋ 70 ಸೆಂಟಿಮೀಟರಿನಿಂದ ತಿರುಗಿಸುತ್ತದೆ: 350. ಅದನ್ನು ತಡೆಯುವ ಕೈಗಳಿಗೆ ಇರುವುದು 40 ಸೆಂಟಿಮೀಟರ್ ಮಾತ್ರ. 350ನ್ನು 40ರಿಂದ ಭಾಗಿಸಿದರೆ 8.75. ಅಂದರೆ ರಾಡು ಸಮತಟ್ಟಾಗಿರಬೇಕಾದರೆ ಬಲಗೈ ಸುಮಾರು 37 ಕಿಲೋ, ಎಡಗೈ ಸುಮಾರು 28 ಕಿಲೋ ಹೊರಬೇಕು. ಪ್ಲೇಟಿನಲ್ಲಿ 5 ಕಿಲೋ ಇದ್ದ ವ್ಯತ್ಯಾಸ ಕೈಗೆ ಬರುವಷ್ಟರಲ್ಲಿ 9 ಕಿಲೋದ ಹತ್ತಿರ ಬೆಳೆದಿದೆ. ತೋಳಿನ ಸ್ನಾಯು ಬೆಳೆಸುವವರು ಕೈಗಳನ್ನು ಇನ್ನೂ ಹತ್ತಿರ, ನಡುವಿನಿಂದ 20 ಸೆಂಟಿಮೀಟರಿನಲ್ಲಿ ಹಿಡಿಯುತ್ತಾರಲ್ಲ, ಆಗ ಅದೇ ವ್ಯತ್ಯಾಸ 17.5 ಕಿಲೋ! ಐದು ಕಿಲೋ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ಹುಡುಗ ಒಂದು ಭುಜ ಎತ್ತಿ, ಸೊಂಟ ಓರೆ ಮಾಡಿ, ಹಲ್ಲು ಕಚ್ಚಿ ಎತ್ತುತ್ತಾನೆ. ಪಕ್ಕದಲ್ಲಿ ನಿಂತವರು "ಭಲೇ" ಎನ್ನುತ್ತಾರೆ.

ನಮ್ಮ ಒಕ್ಕಲಿಗನಿಗೆ ಈ ವಿದ್ಯೆ ಶಾಲೆಯಿಲ್ಲದೆ ಗೊತ್ತಿತ್ತು. ಜೋಡಿಯಲ್ಲಿ ಒಂದು ಎತ್ತು ಸೊರಗಿದ್ದರೆ ಈಸನ್ನು ನೊಗಕ್ಕೆ ಬಿಗಿಯುವ ಜಾಗವನ್ನು ಗಟ್ಟಿ ಎತ್ತಿನ ಕಡೆಗೆ ತುಸು ಸರಿಸುತ್ತಿದ್ದ. ನೇಗಿಲು ಅದೇ, ಎತ್ತುಗಳು ಅವೇ, ಆದರೆ ಬಡಪಾಯಿ ಎತ್ತಿನ ಪಾಲು ಕಡಿಮೆಯಾಗುತ್ತಿತ್ತು. ಎತ್ತಿಗೆ ತೋರಿದ ಈ ಕರುಣೆಯನ್ನು ನಾವು ಮಕ್ಕಳಿಗೆ ತೋರಬಾರದೇ?

ಇನ್ನು ರಾಡು ಬಾಗುವ ಸಂಗತಿ. ಕಬ್ಬಿಣ ಬಾಗುವುದಿಲ್ಲ ಎಂದು ತಿಳಿದವರು ದೊಡ್ಡ ಸ್ಪರ್ಧೆಯ ದೃಶ್ಯವನ್ನು ಒಮ್ಮೆ ನೋಡಬೇಕು. ಮೀರಾಬಾಯಿ ಚಾನು ಟೋಕಿಯೋ ಒಲಿಂಪಿಕ್ಸಿನಲ್ಲಿ, 2021ರ ಜುಲೈ 24ರಂದು, 49 ಕಿಲೋ ವರ್ಗದಲ್ಲಿ 87 ಮತ್ತು 115, ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಇಂಥ ಭಾರಗಳಲ್ಲಿ ರಾಡು ಬಿಲ್ಲಿನಂತೆ ಬಾಗಿ ಪುಟಿಯುತ್ತದೆ. ನುರಿತ ಕ್ರೀಡಾಪಟು ತಲೆಯ ಮೇಲಕ್ಕೆ ನೂಕುವ ಮುನ್ನ ಮೊಣಕಾಲು ಬಗ್ಗಿಸಿ, ಆ ಪುಟಿತ ಮೇಲೆ ಬರುವ ಹೊತ್ತಿಗೆ ಸರಿಯಾಗಿ ತಾನೂ ನೂಕುತ್ತಾನೆ. ಭಾರ ಕೈಯಿಂದ ಎಷ್ಟು ದೂರವೋ ಬಾಗುವುದೂ ಅಷ್ಟು ಹೆಚ್ಚು. ಆದ್ದರಿಂದ ತೆಳ್ಳಗಿನ ಕಬ್ಬಿಣದ ಪ್ಲೇಟಿನ 100 ಕಿಲೋ, ದಪ್ಪ ರಬ್ಬರ್ ಪ್ಲೇಟಿನ 100 ಕಿಲೋ ಒಂದೇ ಅಲ್ಲ. ರಬ್ಬರಿನದು ದಪ್ಪವಾದ್ದರಿಂದ ಭಾರ ಹೊರಕ್ಕೆ ಹರಡುತ್ತದೆ, ರಾಡು ಹೆಚ್ಚು ಬಾಗುತ್ತದೆ, ನೆಲದಿಂದ ಎಳೆಯುವಾಗ ರಾಡಿನ ನಡು ಮೇಲೆದ್ದ ಮೇಲೆ ಪ್ಲೇಟು ನೆಲ ಬಿಡುತ್ತದೆ. ಅದೇ ರೀತಿ, ಒಳ್ಳೆಯ ರಾಡಿನಲ್ಲಿ ಪ್ಲೇಟು ಕೂರುವ ತುದಿಗಳು ತಮ್ಮಷ್ಟಕ್ಕೆ ತಿರುಗುತ್ತವೆ. ಮಣಿಕಟ್ಟು ತಿರುಗಿದಾಗ ಪ್ಲೇಟುಗಳು ತಿರುಗಬೇಕಾಗಿಲ್ಲ. ಎರಕ ಹಿಡಿದಂತೆ ತುಕ್ಕು ಹಿಡಿದು ಕಚ್ಚಿಕೊಂಡ ರಾಡಿನಲ್ಲಿ ಪ್ಲೇಟುಗಳನ್ನು ಕೂಡ ಮಣಿಕಟ್ಟೇ ತಿರುಗಿಸಬೇಕು. ಮಣಿಕಟ್ಟು ಊದಿಸಿಕೊಂಡು ಬಂದ ಹುಡುಗನಿಗೆ "ನಿನ್ನಲ್ಲಿ ಶಕ್ತಿ ಸಾಲದು" ಎಂದರೆ ಅದು ನ್ಯಾಯವೇ? ಒಂದು ತೊಟ್ಟು ಎಣ್ಣೆ ಸಾಲದೆ ಇದ್ದಿರಬಹುದು.

ರಾಡಿನ ಮೇಲೆ ಭಾರ ಎಲ್ಲಿದೆ ಎನ್ನುವಷ್ಟೇ ಮುಖ್ಯ, ದೇಹಕ್ಕೆ ರಾಡು ಎಷ್ಟು ಹತ್ತಿರದಲ್ಲಿದೆ ಎಂಬುದು. ಬೆನ್ನನ್ನು ನೆಟ್ಟಗೆ ಹಿಡಿಯುವ ಸ್ನಾಯುಗಳು ಬೆನ್ನುಮೂಳೆಯ ಸಂದಿನಿಂದ ಸುಮಾರು 5 ಸೆಂಟಿಮೀಟರ್ ಹಿಂದಕ್ಕಿವೆ. ನೆಲದಿಂದ ಎತ್ತುವಾಗ 40 ಕಿಲೋದ ರಾಡು ಮೊಣಕಾಲಿಗೆ ಉಜ್ಜಿಕೊಂಡು ಬರುವ ಬದಲು 10 ಸೆಂಟಿಮೀಟರ್ ಮುಂದೆ ಹೋಯಿತೆನ್ನಿ. ಹೆಚ್ಚಿದ ತಿರುಗುಬಲ 40 ಗುಣಿಸು 10, ಅಂದರೆ 400. ಅದನ್ನು ತಡೆಯಲು ಸ್ನಾಯುವಿಗಿರುವುದು 5 ಸೆಂಟಿಮೀಟರಿನ ಸನ್ನೆ. ಅದು 80 ಕಿಲೋ ಹೆಚ್ಚು ಎಳೆಯಬೇಕು, ಆ ಎಳೆತವೆಲ್ಲ ಬೆನ್ನುಮೂಳೆಯ ಮೇಲೆ ಒತ್ತಡವಾಗಿ ಬೀಳುತ್ತದೆ. ತುಂಬಿದ ಬಿಂದಿಗೆಯನ್ನು ನಮ್ಮ ಹೆಂಗಸರು ಸೊಂಟಕ್ಕೆ ಒತ್ತಿ ಹಿಡಿಯುವುದು ಚಂದಕ್ಕಲ್ಲ ಎಂದು ಈಗ ತಿಳಿಯಿತಲ್ಲ.

ನಾನು ಇಷ್ಟು ಖಾರವಾಗಿ ಬರೆಯಲು ಒಂದು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ, ಪಿ.ಯು. ಓದುತ್ತಿದ್ದವನು, ಒಂದು ಸಂಜೆ ಗೆಳೆಯನೊಡನೆ ಜಿಮ್ಮಿಗೆ ಹೋಗಿದ್ದ. ಬೆಂಚಿನ ಮೇಲೆ ಮಲಗಿ ಎತ್ತುವ ವ್ಯಾಯಾಮ ಮುಗಿಸಿ ರಾಡನ್ನು ಆಸರೆಯ ಕಂಬಗಳ ಮೇಲೆ ಇಟ್ಟರು. ಒಂದು ಬದಿಯ 20 ಕಿಲೋದ ಪ್ಲೇಟನ್ನು ಗೆಳೆಯ ಬಿಚ್ಚಿ ತೆಗೆದ, ಅಷ್ಟೆ. ರಾಡು ಏತದಂತೆ ಎದ್ದು, ಖಾಲಿಯಾದ ತುದಿ ಅವನ ಗಲ್ಲಕ್ಕೆ ಬಡಿಯಿತು. ಇನ್ನೊಂದು ಕಡೆಯ ಪ್ಲೇಟು ಜಾರಿ ಈ ಹುಡುಗನ ಪಾದದ ಮೇಲೆ ಬಿತ್ತು. ಒಬ್ಬನಿಗೆ ಹೊಲಿಗೆ, ಇನ್ನೊಬ್ಬನಿಗೆ ಎರಡು ಬೆರಳಿನ ಮೂಳೆ ಮುರಿತ. ಜಿಮ್ಮಿನ ಯಜಮಾನರು ಮನೆಗೆ ಬಂದು ಹಣ್ಣು ಕೊಟ್ಟು, "ಹುಡುಗರ ಗ್ರಹಚಾರ ಸಾರ್, ಏನು ಮಾಡೋಕಾಗತ್ತೆ" ಎಂದರಂತೆ.

ಮರುದಿನ ನಾನು ಅಳತೆಪಟ್ಟಿ ಹಿಡಿದು ಅಲ್ಲಿಗೆ ಹೋದೆ. ನನ್ನ ವಯಸ್ಸಿನವನನ್ನು ಅಲ್ಲಿ ಕಂಡು ಹುಡುಗರು ನಕ್ಕರು, ಇರಲಿ. ಹಳೆಯ ಕಾಲದ ಕಿರಿದಾದ ಬೆಂಚು ಅದು; ಕಂಬಗಳ ನಡುವೆ 60 ಸೆಂಟಿಮೀಟರ್, ಅಂದರೆ ನಡುವಿನಿಂದ ಕಂಬಕ್ಕೆ 30. ರಾಡಿನ 20 ಕಿಲೋ ಭಾರ ನಡುವಿನಲ್ಲಿದೆ ಎಂದು ಭಾವಿಸಿದರೆ ರಾಡನ್ನು ಕೂರಿಸಿಡುವ ಬಲ 20 ಗುಣಿಸು 30, ಅಂದರೆ 600. ಪ್ಲೇಟು ನಡುವಿನಿಂದ 70ರಲ್ಲಿ, ಅಂದರೆ ಕಂಬದಿಂದ 40 ಸೆಂಟಿಮೀಟರ್ ಹೊರಗೆ. 600ನ್ನು 40ರಿಂದ ಭಾಗಿಸಿ: 15. ಒಂದು ಬದಿ ಖಾಲಿಯಾಗಿ ಇನ್ನೊಂದು ಬದಿಯಲ್ಲಿ 15 ಕಿಲೋಗಿಂತ ಹೆಚ್ಚು ಉಳಿದರೆ ಆ ರಾಡು ಮಗುಚಲೇಬೇಕು. ಅಲ್ಲಿ ಉಳಿದಿದ್ದುದು 20. ಇದರಲ್ಲಿ ಶನಿ ಎಲ್ಲಿ ಬಂದ, ರಾಹು ಎಲ್ಲಿ ಬಂದ?

ಕಂಬಗಳ ನಡುವೆ 110 ಸೆಂಟಿಮೀಟರ್ ಇರುವ ಅಗಲವಾದ ಆಸರೆಯಾಗಿದ್ದರೆ ಅದೇ ರಾಡು ಒಂದು ಕಡೆ 73 ಕಿಲೋ ತನಕ ತಡೆದುಕೊಳ್ಳುತ್ತಿತ್ತು. ಆ ಧೈರ್ಯವೂ ಪ್ಲೇಟು ಒಳಕ್ಕೆ ಒತ್ತಿಕೊಂಡಿರುವವರೆಗೆ ಮಾತ್ರ. ಅದೇ ಪ್ಲೇಟು 95ಕ್ಕೆ ಸರಿದಿದ್ದರೆ ಮಿತಿ 27.5 ಕಿಲೋಗೆ ಇಳಿದುಬಿಡುತ್ತದೆ. ಕ್ಲಿಪ್ಪು ಹಾಕದ ರಾಡು ವಾಲಿದಾಗ ಪ್ಲೇಟು ಹೊರಕ್ಕೆ ಜಾರುತ್ತದೆ, ಜಾರಿದಷ್ಟೂ ವಾಲುತ್ತದೆ, ವಾಲಿದಷ್ಟೂ ಜಾರುತ್ತದೆ. ಒಬ್ಬಂಟಿಯಾಗಿ ಬೆಂಚಿನ ಮೇಲೆ ಮಲಗಿ ಎತ್ತುವ ಕೆಲವರು, ರಾಡಿನಡಿ ಸಿಕ್ಕಿಬಿದ್ದರೆ ಪ್ಲೇಟು ಜಾರಿಸಿ ಪಾರಾಗಲೆಂದು ಬೇಕೆಂದೇ ಕ್ಲಿಪ್ಪು ಹಾಕುವುದಿಲ್ಲವಂತೆ. ಅದಕ್ಕೆ ನನ್ನ ಉತ್ತರ: ಒಬ್ಬಂಟಿಯಾಗಿ ಎತ್ತಲೇಬೇಡಿ.

ಈ ಲೆಕ್ಕದಲ್ಲಿ ಗುಣಾಕಾರ ಮತ್ತು ಭಾಗಾಕಾರ ಬಿಟ್ಟರೆ ಬೇರೇನಿದೆ? ಆ ಇಬ್ಬರು ಹುಡುಗರೂ ಸನ್ನೆಯ ಪಾಠ ಓದಿ ಪಾಸಾದವರೇ. "ಅಡಕತ್ತರಿ ಎಷ್ಟನೆಯ ವರ್ಗದ ಸನ್ನೆ?" ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ "ಎರಡನೆಯ ವರ್ಗ" ಎನ್ನುತ್ತಾರೆ. ನನ್ನ ಆಕ್ಷೇಪಣೆ ಇರುವುದು ಇಲ್ಲೇ. ಅಡಕತ್ತರಿಯನ್ನು ವರ್ಗದಲ್ಲಿ ಕೂರಿಸುವುದನ್ನು ಕಲಿಸಿ ಅದರಲ್ಲಿ ಅಡಿಕೆಯನ್ನು ಎಲ್ಲಿ ಇಡಬೇಕೆಂದು ಕೇಳದ ಪಾಠ ನಮ್ಮದು. ಎರಡು ಅಂಕದ ಪ್ರಶ್ನೆಗೆ ಎರಡು ಸಾಲಿನ ಉತ್ತರ. ಪರೀಕ್ಷೆ ಮುಗಿದ ಮೇಲೆ ಸನ್ನೆಯೂ ಮುಗಿಯಿತು. ಇತ್ತ ದೈಹಿಕ ಶಿಕ್ಷಣದ ಅವಧಿ ಬಂದರೆ "ಪೋರ್ಷನ್ ಆಗಿಲ್ಲ" ಎಂದು ಗಣಿತದವರೋ ವಿಜ್ಞಾನದವರೋ ಅದನ್ನು ಕಸಿದುಕೊಳ್ಳುತ್ತಾರೆ. ಕಸಿದುಕೊಂಡ ಆ ಅವಧಿಯಲ್ಲಿ, ಮೈದಾನದಲ್ಲಿ ಒಂದು ಕೋಲು ಹಿಡಿದು ಕಲಿಯಬಹುದಾದ ಪಾಠವನ್ನೇ ಕಪ್ಪು ಹಲಗೆಯ ಮೇಲೆ ಬರೆಸುತ್ತಾರೆ! ವಿಜ್ಞಾನದ ಮೇಷ್ಟರಿಗೆ ದೇಹವಿಲ್ಲ, ದೈಹಿಕ ಶಿಕ್ಷಕರಿಗೆ ವಿಜ್ಞಾನವಿಲ್ಲ ಎಂಬಂತೆ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದ್ದೇವೆ.

ಇದಕ್ಕೆ ಬರುವ ಉತ್ತರವನ್ನು ನಾನು ಬಲ್ಲೆ. "ನಮ್ಮ ಹಿರಿಯರು ಲೆಕ್ಕ ಕಲಿತು ಗುಂಡು ಎತ್ತಿದರೇ?" ಎನ್ನುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು, ಮೈಸೂರಿನ ಗರಡಿ ಮನೆಗಳ ಪೈಲ್ವಾನರನ್ನು ಉದಾಹರಿಸುತ್ತಾರೆ. ಸ್ವಾಮಿ, ಗರಡಿಯವರು ಲೆಕ್ಕ ಬರೆಯಲಿಲ್ಲ, ನಿಜ. ಆದರೆ ಲೆಕ್ಕವಿಲ್ಲದೆ ಹೆಜ್ಜೆಯನ್ನೂ ಇಡಲಿಲ್ಲ. ಗದೆಯನ್ನೇ ನೋಡಿ. ಉದ್ದನೆಯ ಹಿಡಿ, ತುದಿಯಲ್ಲಿ ಕಲ್ಲಿನ ಗುಂಡು. ಗುಂಡಿನ ಹತ್ತಿರ ಕೈಯಿಟ್ಟರೆ ಬೀಸುವುದು ಸುಲಭ, ಹಿಡಿಯ ಬುಡಕ್ಕೆ ಸರಿದಷ್ಟೂ ಕಷ್ಟ. ತೂಕ ಬದಲಿಸದೆ ಕಷ್ಟವನ್ನು ಮಾತ್ರ ಹೆಚ್ಚಿಸುವ ಸಾಧನ ಅದು. ಅದನ್ನು ಕಲ್ಪಿಸಿದವನಿಗೆ "ಕಿಲೋ ಅಂದರೆ ಕಿಲೋ" ಎಂದಿದ್ದರೆ ನಕ್ಕುಬಿಡುತ್ತಿದ್ದ. ಸಂಗ್ರಾಣಿ ಕಲ್ಲು ಎತ್ತುವವನೂ ಅದನ್ನು ಮೊದಲು ತೊಡೆಗೆ, ತೊಡೆಯಿಂದ ಎದೆಗೆ ಒತ್ತಿಕೊಂಡು ಮೇಲೆ ತರುತ್ತಾನೆ, ತೋಳು ಚಾಚಿ ಎತ್ತುವುದಿಲ್ಲ. ಅಲ್ಲಿ ಉಸ್ತಾದರ ಕಣ್ಣು ಇತ್ತು. ಜಿಮ್ಮಿನಲ್ಲಿ ಕನ್ನಡಿ ಇದೆ, ಕಣ್ಣು ಇಲ್ಲ.

ಇನ್ನು ಕೆಲವರು ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರ ಹೆಸರು ಹೇಳುತ್ತಾರೆ. ವಾಹನ ಚಾಲಕರ ಮಗ, ಕುಸ್ತಿಯಿಂದ ಆರಂಭಿಸಿ ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವುದಕ್ಕೆ ಒಲಿದವರು. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವರ್ಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ, 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕಿಲೋ ವರ್ಗದಲ್ಲಿ 269 ಕಿಲೋ ಎತ್ತಿ ಕಂಚು ತಂದರು. ಕನ್ನಡಿಗರೆಲ್ಲ ಹೆಮ್ಮೆ ಪಡಬೇಕಾದ್ದು. ಆದರೆ ಅವರ ಹೆಸರು ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ. ಆ ಕ್ರೀಡೆಯಲ್ಲಿ ಪಾಠ ಶುರುವಾಗುವುದೇ ಬರಿಯ ಕೋಲಿನಿಂದ. ಕೋಲು ಮೈಗೆ ಎಷ್ಟು ಹತ್ತಿರ ಏರಬೇಕು, ಎಲ್ಲಿ ಮಣಿಕಟ್ಟು ತಿರುಗಬೇಕು, ತಲೆಯ ಮೇಲೆ ಯಾವ ರೇಖೆಯಲ್ಲಿ ನಿಲ್ಲಬೇಕು ಎಂಬುದು ಮೈಗೂಡಿದ ಮೇಲೆ ಪ್ಲೇಟು. ತಮ್ಮ ದೇಹದ ನಾಲ್ಕು ಪಟ್ಟಿಗಿಂತ ಹೆಚ್ಚನ್ನು ಎರಡು ಎತ್ತುವಿಕೆಗಳಲ್ಲಿ ಸೇರಿಸಿ ಎತ್ತಿದವರು ಬರಿಯ ತೋಳ್ಬಲದಿಂದ ಎತ್ತಿದರೆಂದು ತಿಳಿಯುವುದು ಅವರಿಗೆ ಮಾಡುವ ಅವಮಾನ.

ಜಿಮ್ಮುಗಳನ್ನು ಮುಚ್ಚಿಸಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳು ಮೊಬೈಲಿನ ಮುಂದೆ ಕೂನು ಬೆನ್ನಾಗಿ ಕೂರುವುದಕ್ಕಿಂತ ಕಬ್ಬಿಣ ಎತ್ತುವುದು ಎಷ್ಟೋ ಮೇಲು. ನಾನು ಕೇಳುವುದು ಒಂದು ಸಣ್ಣ ಫಲಕ. ಆ ಜಿಮ್ಮಿನ ಯಜಮಾನರಿಗೆ ಅದನ್ನು ಬರೆದೇ ಕೊಟ್ಟೆ. ಗೋಡೆಯಲ್ಲಿ ಜಾಗವಿಲ್ಲ ಎಂದರು. ಬೇರೆ ಊರುಗಳ ಗೋಡೆಗಳಲ್ಲಿ ಜಾಗವಿದ್ದರೆ ಓದುಗರು ಇದನ್ನು ಬಳಸಿಕೊಳ್ಳಬಹುದು, ನನ್ನ ಅಪ್ಪಣೆ ಬೇಕಿಲ್ಲ.

ಆಸರೆಯ ಎರಡು ಕಂಬಗಳ ನಡುವಿನ ದೂರವನ್ನು ಅಳೆದು ಅರ್ಧ ಮಾಡಿ. ಅದನ್ನು ರಾಡಿನ ತೂಕದಿಂದ ಗುಣಿಸಿ. ಬಂದದ್ದನ್ನು, ಕಂಬದಿಂದ ಪ್ಲೇಟಿನ ನಡುವಿಗೆ ಇರುವ ದೂರದಿಂದ ಭಾಗಿಸಿ. ಆ ಉತ್ತರದ ಅರ್ಧದಷ್ಟನ್ನು ದೊಡ್ಡ ಅಕ್ಷರದಲ್ಲಿ ಬೆಂಚಿನ ತಲೆಯ ಬಳಿ ಬರೆಯಿಸಿ: "ಒಂದು ಬದಿಗೂ ಇನ್ನೊಂದು ಬದಿಗೂ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರದಂತೆ, ಎರಡು ಕಡೆಯಿಂದ ಸರದಿಯಂತೆ ಪ್ಲೇಟು ತೆಗೆಯಿರಿ." ಮೇಲೆ ಹೇಳಿದ ಕಿರಿದಾದ ಬೆಂಚಿಗೆ ಆ ಸಂಖ್ಯೆ ಏಳೂವರೆ ಕಿಲೋ. ಇಪ್ಪತ್ತರ ಪ್ಲೇಟಿದ್ದರೆ ಇಬ್ಬರು ಎದುರುಬದುರು ನಿಂತು ಒಟ್ಟಿಗೆ ತೆಗೆಯಬೇಕು. ಬಣ್ಣ, ಕುಂಚದ ಖರ್ಚು ನೂರೈವತ್ತು ರೂಪಾಯಿ ದಾಟಲಾರದು.